‘ಗ್ಲೀನ್’ ಅಂದರೆ ಏನು, ಆ ಪದ ಎಲ್ಲಿಂದ ಬಂತು? ‘ಕಲೆಕ್ಟ್’ ಇರುವಲ್ಲೆಲ್ಲ ಅದನ್ನು ಬಳಸಬಹುದೇ?

ಬಳಸಲಾಗದು. ಈ ಕ್ರಿಯಾಪದಕ್ಕೆ ಸರಿಸಾಟಿಯಾದ ಮಾತು ಕನ್ನಡದಲ್ಲಿ ಮೊದಲಿನಿಂದಲೂ ಇದೆ: ಹಕ್ಕಲಾಯುವುದು. ಪೈರು ಕೊಯ್ದು ಹೊರೆ ಕಟ್ಟಿ ಕಣಕ್ಕೆ ಸಾಗಿಸಿದ ಮೇಲೂ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ತೆನೆ ಉಳಿದಿರುತ್ತದೆ. ಕುಡುಗೋಲಿಗೆ ತಪ್ಪಿದ್ದು, ಹೊರೆಯಿಂದ ಜಾರಿದ್ದು. ಅದು ಹಕ್ಕಲು. ಬಗ್ಗಿ ಬಗ್ಗಿ ಒಂದೊಂದೇ ತೆನೆಯನ್ನು ಹೆಕ್ಕಿ ಮಡಿಲು ತುಂಬಿಸಿಕೊಳ್ಳುವುದೇ ‘ಗ್ಲೀನ್’ನ ಮೂಲಾರ್ಥ.

ಪದ ಇಂಗ್ಲಿಷಿಗೆ ಬಂದದ್ದು 14ನೇ ಶತಮಾನದಲ್ಲಿ, ಹಳೆಯ ಫ್ರೆಂಚಿನ ‘ಗ್ಲೆನೆ’ಯಿಂದ. ಇಂದಿನ ಫ್ರೆಂಚಿನಲ್ಲಿ ಅದು ‘ಗ್ಲಾನೆ’. ಅದಕ್ಕೂ ಹಿಂದೆ ಲ್ಯಾಟಿನ್‌ನ ಕೊನೆಗಾಲದ ‘ಗ್ಲೆನಾರೆ’ ಇದೆ. ಅದರ ಬೇರು ಫ್ರಾನ್ಸಿನಲ್ಲಿ ರೋಮನ್ನರಿಗಿಂತ ಮೊದಲೇ ಇದ್ದ ಕೆಲ್ಟಿಕ್ ಭಾಷೆಯದಿರಬೇಕು ಎಂಬುದು ಭಾಷಾತಜ್ಞರ ಊಹೆ. ‘ಹೊಳಪು’ ಎಂಬರ್ಥದ ‘ಗ್ಲೀಮ್’ಗೂ ಇದಕ್ಕೂ ಸಂಬಂಧವಿಲ್ಲ, ಅದು ಇಂಗ್ಲಿಷಿನದೇ ಹಳೆಯ ಜರ್ಮ್ಯಾನಿಕ್ ಪದ. ಬರೆಯುವಾಗ ಇವೆರಡು ಅದಲುಬದಲಾಗುವುದು ಸಾಮಾನ್ಯ.

ಹಕ್ಕಲು ಬಡವರ ಪಾಲು ಎಂಬ ಭಾವನೆ ಈ ಪದದ ಜೊತೆಗೇ ಬಂದಿದೆ. ಹೊಲದ ಮೂಲೆಯವರೆಗೂ ಕೊಯ್ಯಬೇಡಿ, ಹಕ್ಕಲನ್ನು ಬಡವರಿಗೂ ಪರದೇಶಿಗೂ ಬಿಡಿ ಎಂಬ ಕಟ್ಟಳೆ ಬೈಬಲಿನ ಯಾಜಕಕಾಂಡದಲ್ಲಿದೆ. ಅದೇ ಬೈಬಲಿನ ಕಥೆಯೊಂದರಲ್ಲಿ ರೂತಳೆಂಬ ಬಡ ವಿಧವೆ ಒಂದು ದಿನ ಆಯ್ದು ಬಡಿದ ಜವೆಗೋದಿ ಸುಮಾರು ಒಂದು ಏಫಾ, ಅಂದರೆ 22 ಲೀಟರಿನ ಆಸುಪಾಸು. ಹಕ್ಕಲಿಗೆ ಅದು ಬಹಳ ಹೆಚ್ಚು. ಬೇಕೆಂದೇ ಒಂದಿಷ್ಟು ತೆನೆ ಬೀಳಿಸಿ ಎಂದು ಹೊಲದೊಡೆಯ ಕೊಯ್ಯುವವರಿಗೆ ಹೇಳಿದ್ದ. ಕನ್ನಡ ಬೈಬಲಿನಲ್ಲೂ ಇಲ್ಲಿ ‘ಹಕ್ಕಲಾಯು’ ಎಂದೇ ಇದೆ. ಇಂಗ್ಲೆಂಡಿನಲ್ಲಿ ಮಾತ್ರ 1788ರಲ್ಲಿ ಕೋರ್ಟು ಹಕ್ಕಲಾಯಲು ಕಾನೂನಿನ ಹಕ್ಕಿಲ್ಲ ಎಂದು ತೀರ್ಪು ಕೊಟ್ಟಿತು. ಆದರೂ ಹಳ್ಳಿಗಳಲ್ಲಿ ರೂಢಿ ನಿಲ್ಲಲಿಲ್ಲ. ಎಷ್ಟೋ ಊರುಗಳಲ್ಲಿ ಚರ್ಚಿನ ಗಂಟೆ ಬಾರಿಸಿದ ಮೇಲೇ ಎಲ್ಲರೂ ಒಟ್ಟಿಗೆ ಹೊಲಕ್ಕೆ ಇಳಿಯುತ್ತಿದ್ದರು.

ಈಗ ಬಳಕೆಗೆ ಬರೋಣ. ಇಂದು ಈ ಪದ ಹೆಚ್ಚಾಗಿ ಮಾಹಿತಿಗೆ ಅಂಟಿಕೊಂಡಿದೆ. ‘ಹಳೆಯ ಕಾಗದಪತ್ರಗಳಿಂದ ಅವರ ಮನೆತನದ ಕೆಲವು ವಿವರ ಹೆಕ್ಕಿದೆ’ ಎನ್ನುವ ಕಡೆ ‘ಗ್ಲೀನ್’ ಚೆನ್ನಾಗಿ ಒಪ್ಪುತ್ತದೆ, ಏಕೆಂದರೆ ಆ ಕಾಗದಗಳನ್ನು ಬರೆದದ್ದು ಬೇರೆ ಕೆಲಸಕ್ಕೆ. ನಿಮಗೆ ಬೇಕಾದದ್ದು ಅಲ್ಲಲ್ಲಿ ಚೂರುಚೂರಾಗಿ ಬಿದ್ದಿತ್ತು. ಆಫೀಸಿನಿಂದ ಇಡೀ ವರದಿ ಮೇಲ್‌ನಲ್ಲಿ ಬಂದಿದ್ದರೆ ಅದು ‘ಗ್ಲೀನ್’ ಅಲ್ಲ, ಬರೀ ‘ರಿಸೀವ್’. ಗಣೇಶೋತ್ಸವಕ್ಕೆ ಚಂದಾ ಎತ್ತುವುದು ‘ಕಲೆಕ್ಟ್’. ಅನುಮಾನ ಬಂದರೆ ವಾಕ್ಯದಲ್ಲಿ ‘ಹಕ್ಕಲಾಯ್ದ’ ಎಂದು ಹಾಕಿ ನೋಡಿ. ಕಿವಿಗೆ ಒಗ್ಗದಿದ್ದರೆ ‘ಗ್ಲೀನ್’ ಕೂಡ ಒಗ್ಗುವುದಿಲ್ಲ.

‘ಅಕ್ಯುಮ್ಯುಲೇಟ್’ ಜೊತೆಗೂ ಗೊಂದಲವಾಗುತ್ತದೆ. ಅದು ಲ್ಯಾಟಿನ್‌ನ ‘ಕ್ಯುಮುಲಸ್’, ಅಂದರೆ ರಾಶಿ, ಎಂಬುದರಿಂದ ಬಂದದ್ದು; ಹಿಂಜಿದ ಹತ್ತಿಯ ಗುಡ್ಡೆಯಂತಿರುವ ಮೋಡಕ್ಕೂ ಅದೇ ಹೆಸರು. ಧೂಳು, ಸಾಲದ ಬಡ್ಡಿ, ಮೇಜಿನ ಮೇಲಿನ ಫೈಲು ಯಾರೂ ಕೈಹಾಕದೆಯೇ ಅಕ್ಯುಮ್ಯುಲೇಟ್ ಆಗುತ್ತವೆ. ‘ಗ್ಲೀನ್’ ತಾನಾಗಿ ಆಗುವುದಿಲ್ಲ. ಆಯುವವರು ಬೇಕು, ಆಯುವ ವಸ್ತು ಬೇಕು, ಎಲ್ಲಿಂದ ಎಂಬುದನ್ನು ಹೇಳಲು ‘ಫ್ರಮ್’ ಬೇಕು.

ಕನ್ನಡಕ್ಕೆ ಅನುವಾದಿಸುವಾಗ ‘ಸಂಗ್ರಹಿಸು’ ಎಂದರೆ ತಪ್ಪಲ್ಲ, ಆದರೆ ಬೆನ್ನು ಬಗ್ಗಿಸಿದ ಶ್ರಮ ಅದರಲ್ಲಿ ಕಾಣುವುದಿಲ್ಲ. ‘ಹೆಕ್ಕಿ ತೆಗೆ’, ‘ಕಲೆಹಾಕು’ ಹೆಚ್ಚು ಹತ್ತಿರ. ‘ಆಯು’ ಒಂದನ್ನೇ ಬಳಸುವಾಗ ಮಾತ್ರ ಎಚ್ಚರ: ಅದಕ್ಕೆ ‘ಆರಿಸು’ ಎಂಬರ್ಥವೂ ಇರುವುದರಿಂದ ಓದುಗರು ‘ಸೆಲೆಕ್ಟ್’ ಎಂದುಕೊಳ್ಳಬಹುದು.