20 ನಿಮಿಷದ ಸ್ಕೋಪ್ ಮೌಂಟ್ ಸರಿಯಾಗಿದೆಯಾ ಅಂತ ಮೊಬೈಲ್ ಆ್ಯಪ್‌ನಲ್ಲಿ ನೋಡಬಹುದಾ?

ಆ್ಯಪ್ ಬೇಡ್ರಿ. ಸ್ಕೋಪ್ ಅಂದ್ರೆ ರೈಫಲ್ ಮೇಲಿನ ಗುರಿ ದುರ್ಬೀನು; ಅದನ್ನ 20 ನಿಮಿಷ ಓರೆಯಾಗಿ ಕೂರಿಸೋ ಪಟ್ಟಿಯೇ ಈ ಮೌಂಟ್, ಅಂದ್ರೆ ಬೇಸ್. ಇಲ್ಲಿ ನಿಮಿಷ ಗಡಿಯಾರದ್ದಲ್ಲ, ಕೋನದ್ದು: ಒಂದು ಡಿಗ್ರಿಗೆ 60 ನಿಮಿಷ. ನಾಲ್ಕು ವರ್ಷದ ಹಿಂದೆ ಇಲ್ಲೇ ಕಲಬುರಗಿಯಲ್ಲಿ ನಾನೂ ಇದನ್ನೇ ತಲೆಗೆ ಹಚ್ಚಿಕೊಂಡು ಒಂದು ಒಳ್ಳೆ ಸ್ಕೋಪ್ ಕಳ್ಕೊಂಡೀನಿ.

ನಂದು ನಳಿಗೆ ಮಡಚಿ ಲೋಡ್ ಮಾಡುವ ಸ್ಪ್ರಿಂಗ್ ಏರ್ ರೈಫಲ್. ಇಂಥವುಗಳಲ್ಲಿ ನಳಿಗೆಯ ಮೂತಿ ತುಸು ಕೆಳಗೆ ಬಾಗಿರೋದು ಸಾಮಾನ್ಯ. ತೊಗರಿ ಕೊಯ್ದ ಹೊಲದಲ್ಲಿ ಮಣ್ಣಿನ ಒಡ್ಡಿಗೆ ಹಾಳೆ ಹಚ್ಚಿ 25 ಮೀಟರಿನಿಂದ ಹೊಡೆದರೆ, ಟರೆಟ್ (ಗುರಿ ಮೇಲೆ ಕೆಳಗೆ ಸರಿಸೋ ಸ್ಕೋಪಿನ ತಿರುಪು) ಪೂರ್ತಿ ತಿರುಗಿಸಿದ್ರೂ ಪೆಲೆಟ್ 9 ಸೆಂ.ಮೀ. ಕೆಳಗೇ ಬೀಳ್ತಿತ್ತು. 90ನ್ನು 25,000 ಮಿ.ಮೀ.ಯಿಂದ ಭಾಗಿಸಿದರೆ 0.0036, ಅದನ್ನ 3438ರಿಂದ ಗುಣಿಸಿದ್ರೆ 12 ನಿಮಿಷ ಚಿಲ್ಲರೆ. ಅದಕ್ಕೇ ಹಿಂಭಾಗ ದಪ್ಪ ಇರುವ 20 ನಿಮಿಷದ ಬೇಸ್ ತರಿಸಿದೆ.

ಬಂದ ದಿನವೇ ವರ್ನಿಯರ್ (ದಪ್ಪ ಅಳೆಯೋ ಸಾಧನ) ಹಿಡಿದೆ. ಬೇಸಿನ ಉದ್ದ 150 ಮಿ.ಮೀ. ಎರಡೂ ತುದಿ ಉಜ್ಜಿ ಇಳಿಸಿದ್ರು, ಹಂಗಾಗಿ ತುದಿಯಿಂದ 25 ಮಿ.ಮೀ. ಒಳಗೆ ಗೆರೆ ಹಾಕಿ ದಪ್ಪ ಅಳೆದೆ. ಮುಂದೆ 12.00, ಹಿಂದೆ 12.58. ವ್ಯತ್ಯಾಸ 0.58. ಇಲ್ಲೇ ತಪ್ಪಿದ್ದು. 0.58ನ್ನು 150ರಿಂದ ಭಾಗಿಸಿಬಿಟ್ಟೆ, 13 ನಿಮಿಷ ಬಂತು. ಆದ್ರೆ ನಾನು ದಪ್ಪ ಅಳೆದ ಎರಡು ಗೆರೆಗಳ ನಡುವೆ ಇದ್ದದ್ದು 100 ಮಿ.ಮೀ. ಮಾತ್ರ! ಎತ್ತರ ಎಲ್ಲಿಂದ ಎಲ್ಲಿಗೆ ಏರಿತೋ ಅಷ್ಟೇ ಉದ್ದ ತಗೋಬೇಕು. ತ್ರಿಕೋನದ ಒಂದು ಭುಜ ಇಲ್ಲಿಂದ, ಇನ್ನೊಂದು ಭುಜ ಬೇರೆ ಎಲ್ಲಿಂದಲೋ ತಂದ್ರೆ ಅದು ತ್ರಿಕೋನವೇ ಅಲ್ಲ. 0.58ನ್ನು 100ರಿಂದ ಭಾಗಿಸಿದ್ರೆ 0.0058, ಸರಿಯಾಗಿ 20 ನಿಮಿಷ. ಬೇಸಿನಲ್ಲಿ ದೋಷವೇ ಇರಲಿಲ್ಲ.

ನನಗದು ಹೊಳೆಯಲಿಲ್ಲ. 13 ನಿಮಿಷವಾದ್ರೆ ಟರೆಟ್ ತುದಿಯಲ್ಲೇ ನಿಲ್ತದೆ ಅಂತ ಹೆದರಿ, ಸ್ಕೋಪನ್ನ ಬೇಸಿಗೆ ಹಿಡಿದಿಡೋ ಎರಡು ರಿಂಗುಗಳಲ್ಲಿ ಹಿಂದಿನದರೊಳಗೆ ತಗಡಿನ ಚೂರು ಇಟ್ಟು ಸ್ಕ್ರೂ ಬಿಗಿದೆ. ಎರಡು ರಿಂಗು ಒಂದೇ ಸಾಲಿನಲ್ಲಿ ಉಳೀಲಿಲ್ಲ, ಸ್ಕೋಪಿನ ಕೊಳವೆ ಅವುಗಳ ನಡುವೆ ಬಾಗ್ತು. ರಿಂಗು ಕಚ್ಚಿದಲ್ಲಿ ತಗ್ಗು ಬಿತ್ತು. ಆಮೇಲೆ ಟರೆಟ್ ತಿರುಗಿಸಿದ್ರೆ ಗುರಿ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಸರೀತಿತ್ತು. ಒಂಬತ್ತು ಸಾವಿರ ಹೋತು. ಕಪನೂರಿನ ಲೇಥ್ ಕಾಕಾನ ಮುಂದೆ ಬೇಸ್ ಇಟ್ಟಾಗ ಅವ ಕೇಳಿದ್ದು ಒಂದೇ ಮಾತು: "ತಮ್ಮಾ, ಎಲ್ಲಿಂದ ಎಲ್ಲಿತನ ಹಿಡ್ದಿ?"

ಈಗ ನಿಮ್ಮ ಆ್ಯಪಿನ ಮಾತು. ಅದು 0.1 ಡಿಗ್ರಿ ತೋರಿಸ್ತದೆ ಅಂದ್ರೂ ಅದೇ 6 ನಿಮಿಷ. ನೀವು ಹುಡುಕ್ತಿರೋದು ಡಿಗ್ರಿಯ ಮೂರನೇ ಒಂದು ಭಾಗ. ಮೇಲಾಗಿ ಫೋನಿನ ಬೆನ್ನಿಗೆ ಕ್ಯಾಮೆರಾ ಉಬ್ಬು ಬೇರೆ. ಕೋನವನ್ನ ನೇರ ಅಳೆಯೋ ಗೊಡವೆಗೇ ಹೋಗಬೇಡ್ರಿ. ದಪ್ಪ ಅಳೀರಿ, ಗೆರೆಗಳ ನಡುವಿನ ಅಂತರ ಅಳೀರಿ, ಭಾಗಿಸ್ರಿ. ಇಷ್ಟು ಸಣ್ಣ ಕೋನಕ್ಕೆ ಟ್ಯಾನ್ ಪಟ್ಟಿನೂ ಬೇಕಾಗಿಲ್ಲ, ಬಂದದ್ದನ್ನ 3438ರಿಂದ ಗುಣಿಸಿದ್ರೆ ನಿಮಿಷ ಸಿಗ್ತದೆ.

ಅದಾದ ಮೇಲೂ ಕಾಗದಾನೇ ನಂಬ್ರಿ. ಬೇಸ್ ಇಲ್ಲದೆ ಐದು ಹೊಡೀರಿ, ಟರೆಟ್ ಮುಟ್ಟದೆ ಬೇಸ್ ಹಾಕಿ ಮತ್ತೆ ಐದು. 25 ಮೀಟರಿಗೆ 20 ನಿಮಿಷ ಅಂದ್ರೆ 14.5 ಸೆಂ.ಮೀ.; ಬೇಸಿನ ದಪ್ಪಕ್ಕೆ ಸ್ಕೋಪ್ ಮೇಲೇರೋದ್ರಿಂದ ಒಂದು ಸೆಂಟಿಮೀಟರಿನಷ್ಟು ಕಮ್ಮಿ ಕಾಣ್ತದೆ. ಅಷ್ಟು ಮೇಲೇರಿದ್ರೆ ನಿಮ್ಮ ಮೌಂಟ್ ಸರಿ ಐತಿ, ತಗಡು ಗಿಗಡು ಹಚ್ಚಬೇಡ್ರಿ.