ರಕ್ತ ಬಿಡಿ, ಅಜ್ಜಿಯನ್ನು ಬರೆಯಿರಿ

ಪ್ರಿಯ ಗೆಳೆಯರೇ,

ನೀವು ಕಳಿಸಿದ 'ಅಸ್ಸಿರಿಯಾದ ಕೊನೆಯ ಹನಿಗಳು' ಲೇಖನವನ್ನು ಎರಡು ಸಲ ಓದಿದೆ. ಸ್ವೀಡನ್ನಿನ ಸೋದರ್ತೇಲ್ಯೆಯಲ್ಲಿ ಕೆಲಸಕ್ಕಿರುವ ಕನ್ನಡಿಗರೊಬ್ಬರು ಪಕ್ಕದ ಮನೆಯ ಅಸ್ಸಿರಿಯನ್ ಕುಟುಂಬದ ಬಗ್ಗೆ ಕನ್ನಡದಲ್ಲಿ ಬರೆದಿದ್ದಾರೆ ಅನ್ನುವುದೇ ಸಂತೋಷ. ಭಾಷೆ ಸಲೀಸಾಗಿದೆ. ಏಪ್ರಿಲ್ 1ರ ಅವರ ಹೊಸ ವರ್ಷದ ಊಟದ ವರ್ಣನೆ ಚೆನ್ನಾಗಿದೆ. ಆದರೂ ಲೇಖನ ವಾಪಸ್ ಕಳಿಸುತ್ತಿದ್ದೇನೆ. ಕೆಲವು ಸಾಲುಗಳು ಎರಡು ದಿನದಿಂದ ನನ್ನ ತಲೆ ಕೊರೆಯುತ್ತಿವೆ. ಅವುಗಳ ಬಗ್ಗೆ ಮಾತ್ರ ಮಾತಾಡುತ್ತೇನೆ.

ಮೊದಲ ಸಾಲು: 'ಕ್ರಿ.ಪೂ. 612ರಲ್ಲಿ ನಿನೆವೆ ಉರಿಯಿತು, ಒಂದು ಜನಾಂಗ ಭೂಮಿಯಿಂದ ಮಾಯವಾಯಿತು.' ಈಗಿನ ಇರಾಕಿನ ಉತ್ತರದಲ್ಲಿದ್ದ ಅಸ್ಸಿರಿಯಾದ ರಾಜಧಾನಿ ನಿನೆವೆ ಉರಿದದ್ದು ನಿಜ. ಮೀಡಿಯರು, ಬ್ಯಾಬಿಲೋನಿನವರು ಸೇರಿ ಅದನ್ನು ಹಾಳುಗೆಡವಿದರು. ಆದರೆ ಮಾಯವಾದದ್ದು ರಾಜ್ಯ. ಜನ ಎಲ್ಲಿಗೆ ಹೋಗುತ್ತಾರೆ? ಟೈಗ್ರಿಸ್ ದಡದ ಹಳ್ಳಿಗಳಲ್ಲಿ ಮುಂದಿನ ಮಳೆಗೂ ಯಾರೋ ಬಿತ್ತಿರಲೇಬೇಕು, ಅಲ್ವಾ? ಅಶುರ್ ಪಟ್ಟಣದಲ್ಲಿ ಅಶುರ್ ದೇವರ ಪೂಜೆ ಮತ್ತೆ ಶುರುವಾಗಿ ಕ್ರಿಸ್ತಶಕದ 3ನೇ ಶತಮಾನದವರೆಗೂ ನಡೆದಿತ್ತು. ಜನರನ್ನು ಮೊದಲ ಸಾಲಿನಲ್ಲೇ ಅಳಿಸಿಬಿಟ್ಟರೆ ಪಕ್ಕದ ಮನೆಯವರು ಎಲ್ಲಿಂದ ಬಂದರು ಅಂತ ಓದುಗ ಕೇಳುವುದಿಲ್ಲವೇ?

ಆ ಪ್ರಶ್ನೆಗೆ ನೀವು ಕೊಟ್ಟ ಉತ್ತರ ಎರಡನೆಯ ಸಾಲು: 'ಅವರ ನರನಾಡಿಗಳಲ್ಲಿ ಇಂದಿಗೂ ಅಶುರ್‌ಬನಿಪಾಲನ ರಕ್ತ ಹರಿಯುತ್ತಿದೆ.' ನಿನೆವೆಯ ಆ ಹಳೆಯ ಅರಸನ ರಕ್ತವಂತೆ! ಇದನ್ನು ಓದಿ ನನಗೆ ನಿಜವಾಗಿಯೂ ಸಿಟ್ಟು ಬಂತು. ಆ ಮನೆಯ ಯಾರಾದರೂ ಹೀಗೆ ಹೇಳಿದರೇ? ಹೇಳಿದ್ದರೆ ಅವರ ಬಾಯಲ್ಲೇ ಹೇಳಿಸಿ. ಹೇಳಿಲ್ಲವಾದರೆ ಇದು ನಿಮ್ಮ ಮಾತು, ಅವರ ಮೈಮೇಲೆ ಹೊದಿಸಿದ ಮಾತು.

ಈ ಸಿಟ್ಟಿಗೆ ಕಾರಣ ಇದೆ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ನಾನು ಬರೆದ ಮೊದಲ ಲೇಖನ ಬನವಾಸಿಯ ಮೇಲೆ. ಮಧುಕೇಶ್ವರ ದೇವಸ್ಥಾನದ ಹತ್ತಿರ ಹೂ ಮಾರುತ್ತಿದ್ದ ಒಬ್ಬ ಮುದುಕನನ್ನು ನೋಡಿ, 'ಈತನಲ್ಲಿ ಕದಂಬರ ರಕ್ತ ಹರಿಯುತ್ತಿದೆ' ಎಂದು ಬರೆದಿದ್ದೆ. ನಮ್ಮ ಹಿರಿಯ ಸಂಪಾದಕರು ಆ 'ರಕ್ತ'ದ ಸುತ್ತ ಪೆನ್ಸಿಲಿನಲ್ಲಿ ಗುಂಡಗೆ ಗೆರೆ ಎಳೆದು, ಪಕ್ಕದಲ್ಲಿ ಬರೆದರು: 'ಅವನು ಹೇಳಿದ್ದೋ, ನೀನು ಹೇಳಿದ್ದೋ?' ಮತ್ತೆ ಬಸ್ಸು ಹತ್ತಿ ಹೋದೆ. ಮುದುಕ ಅರ್ಧ ದಿನ ಮಾತಾಡಿದ. ವರದಾ ನದಿಯ ನೆರೆ ಬಗ್ಗೆ ಹೇಳಿದ. ತೇರು ಎಳೆಯುವಾಗ ಹಗ್ಗದ ಯಾವ ಜಾಗ ತಮ್ಮ ಮನೆಯವರದು, ಅದನ್ನು ಒಂದು ವರ್ಷ ಬೇರೆಯವರು ಹಿಡಿದಾಗ ಅಪ್ಪ ಹೇಗೆ ಊಟ ಬಿಟ್ಟಿದ್ದ ಅಂತ ಹೇಳಿದ. ಕದಂಬರ ಹೆಸರು ಒಮ್ಮೆಯೂ ಬರಲಿಲ್ಲ. ತಾನು ಯಾರು ಅನ್ನುವುದು ಅವನಿಗೆ ಆ ಹಗ್ಗದಲ್ಲಿತ್ತು. ನಾನು ಅದನ್ನು ನೋಡದೆ ಅವನಿಗೆ ಕಿರೀಟ ಇಡಲು ಹೋಗಿದ್ದೆ.

ಮೂರನೆಯ ಸಾಲು: 'ಅಶುರ್‌ಬನಿಪಾಲ ಆಡಿದ ಭಾಷೆಯನ್ನೇ ಇವರು ಇಂದಿಗೂ ಆಡುತ್ತಾರೆ.' ಇದು ತಪ್ಪು. ಅವನು ತನ್ನ ಗ್ರಂಥಾಲಯದಲ್ಲಿ ಕೂಡಿಟ್ಟ ಮಣ್ಣಿನ ಹಲಗೆಗಳ ಭಾಷೆ ಹೆಚ್ಚಾಗಿ ಅಕ್ಕಾಡಿಯನ್. ಅದು ಸತ್ತು ಎಷ್ಟೋ ಕಾಲವಾಯಿತು. ನಿಮ್ಮ ನೆರೆಮನೆಯವರು ಟರ್ಕಿಯ ಆಗ್ನೇಯದ ತೂರ್ ಅಬ್ದೀನ್ ಕಡೆಯವರು ಅಂದಿರಿ. ಹಾಗಾದರೆ ಅವರ ಮನೆಮಾತು ಅರಾಮಿಕ್‌ನ ಒಂದು ರೂಪ. ಅಸ್ಸಿರಿಯದ ಅರಸರು ಸೋತ ಜನರನ್ನು ಊರೂರಿಗೆ ಎಬ್ಬಿಸಿ ಕಳಿಸುತ್ತಿದ್ದರು. ಅವರಲ್ಲಿ ಅರಾಮಿಕ್ ಆಡುವವರು ಜಾಸ್ತಿ. ಕೊನೆಗೆ ಆ ಮಾತೇ ಇಡೀ ಸಾಮ್ರಾಜ್ಯದ ಬಳಕೆಯ ಮಾತಾಯಿತು. ಗೆದ್ದವರ ಭಾಷೆ ಹೋಯಿತು, ಸೋತವರದು ಉಳಿಯಿತು. ಅಕ್ಕಾಡಿಯನ್ನಿನ ತುಣುಕುಗಳು ಅದರೊಳಗೇ ಕೂತಿವೆ. ನೀವು ಬರೆದ ಏಪ್ರಿಲ್ ಹಬ್ಬದ ತಿಂಗಳು 'ನಿಸಾನ್' ಅಂಥದ್ದೇ ಒಂದು. ಇಷ್ಟು ದೊಡ್ಡ ಕತೆ ಕೈಯಲ್ಲಿರುವಾಗ 'ಅದೇ ಭಾಷೆ' ಅಂತ ಸುಮ್ನೆ ಮುಚ್ಚಿಹಾಕಬೇಡಿ.

ಈಗ ನಾಲ್ಕನೆಯದು. ಕೊನೆಯ ಪುಟದಲ್ಲಿ ಹಾದುಹೋಗುವ ಒಂದು ಸಾಲು: 'ಅಜ್ಜಿ ನಾವು ಸುರ್ಯೋಯೆ ಎಂದಳು, ಮೊಮ್ಮಗ ಅಲ್ಲ, ನಾವು ಅಸ್ಸಿರಿಯನ್ನರು ಎಂದ.' ಅಷ್ಟಕ್ಕೇ ಬಿಟ್ಟು ಸೂರ್ಯಾಸ್ತಕ್ಕೆ ಹೋಗಿದ್ದೀರಿ! ನಿಮ್ಮ ಲೇಖನ ಇರುವುದೇ ಅಲ್ಲಿ. ಸುರ್ಯೋಯೆ ಅಂದರೆ ಅವರ ಮನೆಮಾತಿನಲ್ಲಿ ಸಿರಿಯಾಕರು.

ಈ ಜಗಳ ನಿಮ್ಮ ಊರಿನ ಬೀದಿಯಲ್ಲೇ ಇದೆ. ಒಂದೇ ಪಟ್ಟಣ, ಒಂದೇ ಮೂಲದ ಜನ, ಎರಡು ಫುಟ್‌ಬಾಲ್ ಕ್ಲಬ್: 1974ರ ಅಸ್ಸಿರಿಸ್ಕಾ, 1977ರ ಸಿರಿಯಾನ್ಸ್ಕಾ. ಎರಡೂ ಸ್ವೀಡನ್ನಿನ ಮೇಲಿನ ಲೀಗಿನಲ್ಲಿ ಆಡಿದವು. ಹೆಸರಿನ ವಾದ ಮೈದಾನಕ್ಕೂ ಇಳಿದಿದೆ. ಇರಾಕಿನ 2005ರ ಸಂವಿಧಾನ ಇದೇ ಜನರಲ್ಲಿ ಇನ್ನೊಂದು ಹೆಸರು ಹೊತ್ತ ಕಲ್ದಾಯರು, ಅಸ್ಸಿರಿಯನ್ನರು ಎಂದು ಬೇರೆಬೇರೆಯಾಗಿ ಹೆಸರಿಸುತ್ತದೆ. ಅಮೆರಿಕದ 2000ದ ಜನಗಣತಿ ಅಸ್ಸಿರಿಯನ್, ಕಲ್ದಾಯ, ಸಿರಿಯಾಕ್ ಎಂಬ ಮೂರೂ ಹೆಸರನ್ನು ಓರೆಗೆರೆ ಹಾಕಿ ಒಂದೇ ಸಾಲಿನಲ್ಲಿ ಬರೆಯಿತು. ಇನ್ನೊಂದು ಮಾತು ನಿಮಗೆ ಇಷ್ಟವಾಗಬಹುದು. ಟರ್ಕಿಯ ಅದಾನಾ ಹತ್ತಿರ ಚಿನೆಕೋಯ್‌ನಲ್ಲಿ ಸಿಕ್ಕ ಕ್ರಿ.ಪೂ. 8ನೇ ಶತಮಾನದ ಶಾಸನವೊಂದು ಎರಡು ಭಾಷೆಗಳಲ್ಲಿದೆ. ಫಿನೀಷಿಯನ್ ಪಾಠದಲ್ಲಿ 'ಅಶುರ್' ಇರುವ ಕಡೆ ಲುವಿಯನ್ ಪಾಠದಲ್ಲಿ 'ಸುರ' ಎಂದಿದೆ. ಅಜ್ಜಿಯ ಪದ, ಮೊಮ್ಮಗನ ಪದ ಬೇರು ಹಿಡಿದು ಹೋದರೆ ಒಂದೇ ಕಡೆ ಸೇರುತ್ತವೆ.

ಇನ್ನೂ ಮುಖ್ಯವಾದದ್ದು: 612 ಎಂಬ ಅಂಕಿ ನಿಮ್ಮಲ್ಲಿ ಐದು ಸಲ ಬರುತ್ತದೆ. 1915 ಒಂದು ಸಲವೂ ಇಲ್ಲ. ತೂರ್ ಅಬ್ದೀನ್‌ನಿಂದ ಬಂದ ಅಜ್ಜಿಯ ಮನೆಯಲ್ಲಿ 'ಸೈಫೋ' ಎಂಬ ಪದ ಕೇಳದೆ ಇರುವುದು ಕಷ್ಟ. ಕತ್ತಿ ಎಂದರ್ಥ. 1915ರ ಒಟ್ಟೋಮನ್ ಕಾಲದ ಹತ್ಯಾಕಾಂಡಕ್ಕೆ ಅವರಿಟ್ಟ ಹೆಸರು ಅದು. ಸ್ವೀಡನ್ನಿನ ಸಂಸತ್ತು 2010ರ ಮಾರ್ಚ್‌ನಲ್ಲಿ ಅದನ್ನು ಜನಾಂಗಹತ್ಯೆ ಎಂದು ಒಪ್ಪಿತು, 131ಕ್ಕೆ 130 ಮತ, ಒಂದೇ ಮತದ ಅಂತರ. ಆ ರಾತ್ರಿ ನಿಮ್ಮ ನೆರೆಮನೆಯಲ್ಲಿ ಟೀವಿ ಮುಂದೆ ಯಾರು ಕೂತಿದ್ದರು, ಏನಂದರು? ನಿನೆವೆಯನ್ನು ಆ ಅಜ್ಜಿ ಕಣ್ಣಾರೆ ಕಂಡಿಲ್ಲ. ಊರು ಬಿಟ್ಟು ಓಡಿದವರನ್ನು ಆಕೆ ಅಜ್ಜ, ಅಜ್ಜಿ ಎಂದು ಕರೆದಿರಬಹುದು. ಮೊಮ್ಮಗ 'ಅಸ್ಸಿರಿಯನ್' ಎಂಬ ಹೆಸರನ್ನು ಅಷ್ಟು ಗಟ್ಟಿಯಾಗಿ ಹಿಡಿಯುವುದಕ್ಕೆ ಹಳೆಯ ಅರಮನೆಗಿಂತ ಈ ಓಟ ಹತ್ತಿರದ ಕಾರಣ ಅಂತ ನನಗೆ ಅನಿಸುತ್ತದೆ. ಅವನನ್ನೇ ಕೇಳಿ ನೋಡಿ. ಅವನು ಬೇರೆ ಹೇಳಿದರೆ ಅದನ್ನೇ ಬರೆಯಿರಿ.

ಲೇಖನದ ಉಳಿದ ಭಾಗದ ಬಗ್ಗೆ ನಾನೇನೂ ಹೇಳುವುದಿಲ್ಲ. ಮತ್ತೊಮ್ಮೆ ಆ ಮನೆಗೆ ಹೋಗಿ. ಅಜ್ಜಿಯ ಊರಿನ ಹೆಸರು ಕೇಳಿ, ಟರ್ಕಿಯ ನಕಾಶೆಯಲ್ಲಿ ಅದಕ್ಕೆ ಈಗ ಏನು ಹೆಸರಿದೆ ಅಂತಲೂ ಕೇಳಿ. ಅಲ್ಲಿ ಎಷ್ಟೋ ಹಳ್ಳಿಗಳಿಗೆ ಎರಡು ಹೆಸರಿವೆ. ಕಫ್ರೋ ಎಂದು ಅವರು ಕರೆಯುವ ಊರು ನಕಾಶೆಯಲ್ಲಿ ಎಲ್ಬೆಗೆಂದಿ. ಎರಡೂ ಹೆಸರು ಬರೆದುಕೊಂಡು, ಆಕೆ ಯಾವುದನ್ನು ಮೊದಲು ಹೇಳಿದಳು ಅನ್ನುವುದನ್ನೂ ಗುರುತು ಹಾಕಿಕೊಳ್ಳಿ. ಅಲ್ಲಿಂದ ಶುರುಮಾಡಿ ನನಗೆ ಕಳಿಸಿ. ಕಾಯುತ್ತಿರುತ್ತೇನೆ.

ನಿಮ್ಮ,
ಸಂಪಾದಕ