ದೂರದ ವಿಮಾನಯಾನಕ್ಕೆ ಧಾರಾವಾಹಿ, ಸಾಕ್ಷ್ಯಚಿತ್ರಗಳನ್ನು ಆರಿಸಿಕೊಳ್ಳುವುದು ಹೇಗೆ?

ಶಿರಸಿಯಿಂದ ಹೊರಟು, ಬೆಂಗಳೂರಿನಲ್ಲಿ ವಿಮಾನ ಹತ್ತಿ, ದುಬೈ ಮಾರ್ಗವಾಗಿ ನ್ಯೂಯಾರ್ಕಿಗೆ ಹೋಗುವವರಿದ್ದೇವೆ ಎಂದು ಬರೆದಿದ್ದೀರಿ. ಜೊತೆಯಲ್ಲಿ ನಿಮ್ಮ ಆಯಿ ಇರುತ್ತಾರೆ. ಅವರಿಗೆ ಕನ್ನಡ ಬಿಟ್ಟರೆ ಹಿಂದಿ ತಕ್ಕಮಟ್ಟಿಗೆ ತಿಳಿಯುತ್ತದೆ, ಇಂಗ್ಲಿಷ್ ಬಾರದು. ಅಷ್ಟು ಹೊತ್ತು ಕುಳಿತಿರಲು ಯಾವ ಧಾರಾವಾಹಿ, ಯಾವ ಸಾಕ್ಷ್ಯಚಿತ್ರಗಳು ಒಳ್ಳೆಯವು, ಅವನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಬೇಕೇ, ವಿಮಾನದ ತೆರೆಯ ಮೇಲೆ ಸಿಕ್ಕಿದ್ದನ್ನು ನೋಡಿದರೆ ಸಾಲದೇ ಎಂಬುದು ನಿಮ್ಮ ಪ್ರಶ್ನೆ. ನಾನು ಕಾರವಾರದವನು, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ಮಕ್ಕಳು ಹೊರದೇಶದಲ್ಲಿರುವುದರಿಂದ ಈ ಪ್ರಯಾಣ ನನಗೆ ಹೊಸದಲ್ಲ. ನನ್ನ ಅಭಿಪ್ರಾಯದಲ್ಲಿ ವಿಮಾನದಲ್ಲಿ ನೋಡುವ ಕಾರ್ಯಕ್ರಮವನ್ನು ಅದರ ಹೆಸರು, ಪ್ರಶಸ್ತಿ ನೋಡಿ ಆರಿಸಬಾರದು. ನಡುನಡುವೆ ತುಂಡಾದರೂ, ಅರ್ಧಂಬರ್ಧ ಕೇಳಿಸಿದರೂ ಅದರ ರುಚಿ ಕೆಡುವುದಿಲ್ಲವೇ ಎಂಬುದನ್ನು ನೋಡಿ ಆರಿಸಬೇಕು.

ಹೀಗೆ ಹೇಳುವುದಕ್ಕೆ ಕಾರಣ ವಿಮಾನದ ಒಳಗಿನ ಪರಿಸ್ಥಿತಿ. ಹಾರುತ್ತಿರುವ ವಿಮಾನದ ಒಳಗೆ ಸದ್ದು ಸಾಮಾನ್ಯವಾಗಿ 80ರಿಂದ 85 ಡೆಸಿಬಲ್‌ಗಳ ಆಸುಪಾಸಿನಲ್ಲಿರುತ್ತದೆ, ಮತ್ತು ಅದರಲ್ಲಿ ಹೆಚ್ಚಿನ ಪಾಲು ಎಂಜಿನ್ ಹಾಗೂ ಗಾಳಿಯಿಂದ ಬರುವ ಕೆಳಸ್ಥಾಯಿಯ ಏಕತಾನದ ಮೊರೆತ. ಈ ಮೊರೆತ ಪಿಸುಮಾತನ್ನೂ ಗಂಟಲೊಳಗಿನ ಮಾತನ್ನೂ ನುಂಗಿಹಾಕುತ್ತದೆ. ಸ್ಪಷ್ಟವಾಗಿ, ಬಿಡಿಸಿ ಬಿಡಿಸಿ ಆಡಿದ ಮಾತು ಮಾತ್ರ ಉಳಿಯುತ್ತದೆ. ಗಾಳಿಯಲ್ಲಿ ತೇವಾಂಶ ಬಹುಮಟ್ಟಿಗೆ ಶೇಕಡಾ 20ಕ್ಕಿಂತ ಕಡಿಮೆ ಇರುವುದರಿಂದ, ವರ್ಷವಿಡೀ ಕರಾವಳಿಯ ಸೆಕೆಯಲ್ಲಿ ಅಥವಾ ಮಲೆನಾಡಿನ ಥಂಡಿಯಲ್ಲಿ ಬದುಕಿದ ನಮ್ಮಂಥವರ ಕಣ್ಣು ಎರಡು ಮೂರು ತಾಸಿನಲ್ಲೇ ಉರಿಯತೊಡಗುತ್ತದೆ. ಇದರ ಮೇಲೆ ಊಟದ ಗಾಡಿ, ಪಕ್ಕದವರು ಎದ್ದು ಹೋಗುವುದು, ಪೈಲಟ್ ಮಾತನಾಡಿದಾಗಲೆಲ್ಲ ಚಿತ್ರ ತಾನಾಗಿಯೇ ನಿಂತುಬಿಡುವುದು. ಆದ್ದರಿಂದ ಕತ್ತಲೆಯ ದೃಶ್ಯಗಳೇ ತುಂಬಿರುವ, ಪಾತ್ರಗಳು ಗೊಣಗುಟ್ಟುತ್ತ ಮಾತನಾಡುವ, ಒಂದು ಮಾತು ತಪ್ಪಿದರೆ ಮುಂದಿನ ಕಂತು ಅರ್ಥವಾಗದ ಪತ್ತೇದಾರಿ ಧಾರಾವಾಹಿಗಳನ್ನು, ಅವು ಎಷ್ಟೇ ಉತ್ತಮವಾಗಿರಲಿ, ಮನೆಗೆ ಬಿಟ್ಟು ಹೊರಡಿ. ಪಕ್ಕದ ಕಿಟಕಿ ತೆರೆದಿದ್ದರೆ ಆ ಕತ್ತಲೆಯ ದೃಶ್ಯಗಳಲ್ಲಿ ನಿಮಗೆ ಕಾಣುವುದು ನಿಮ್ಮದೇ ಮುಖ.

ಈ ಅಳತೆಗೋಲಿಗೆ ಎಲ್ಲಕ್ಕಿಂತ ಚೆನ್ನಾಗಿ ಹೊಂದುವುದು ನಿರೂಪಕರ ಧ್ವನಿಯಿರುವ ಪ್ರಕೃತಿ ಸಾಕ್ಷ್ಯಚಿತ್ರಗಳು. ನಿರೂಪಣೆಯನ್ನು ಸ್ಟುಡಿಯೋದಲ್ಲಿ ಶುದ್ಧವಾಗಿ ಧ್ವನಿಮುದ್ರಿಸಿರುತ್ತಾರೆ, ವಾಕ್ಯಗಳ ನಡುವೆ ಬೇಕಾದಷ್ಟು ಬಿಡುವು ಇರುತ್ತದೆ, ಮತ್ತು ಒಂದು ಪ್ರಾಣಿಯ ಪ್ರಸಂಗ ಐದಾರು ನಿಮಿಷಗಳಲ್ಲಿ ಮುಗಿದು ಇನ್ನೊಂದು ಆರಂಭವಾಗುವುದರಿಂದ ಊಟದ ತಟ್ಟೆ ಬಂತೆಂದು ನಿಲ್ಲಿಸಿದರೂ ನಷ್ಟವಿಲ್ಲ. ಡೇವಿಡ್ ಅಟೆನ್‌ಬರೋ ನಿರೂಪಿಸಿದ ಬಿಬಿಸಿಯ ಸರಣಿಗಳು ಇಂಥವು: 2016ರ 'ಪ್ಲಾನೆಟ್ ಅರ್ಥ್ 2' ಆರು ಕಂತುಗಳದ್ದು, 2017ರ 'ಬ್ಲೂ ಪ್ಲಾನೆಟ್ 2' ಏಳು ಕಂತುಗಳದ್ದು, ಪ್ರತಿಯೊಂದು ಕಂತೂ ಸುಮಾರು ಐವತ್ತು ನಿಮಿಷ. ಆದರೆ ಇಲ್ಲೊಂದು ವಿವೇಚನೆ ಬೇಕು. ಅಂಗೈಯಗಲದ ತೆರೆಯ ಮೇಲೆ ಹಿಮಪರ್ವತಗಳ ವಿಸ್ತಾರ, ಮರುಭೂಮಿಯ ಅಗಾಧತೆ ಇವೆಲ್ಲ ಕುಗ್ಗಿ ಅಂಚೆಚೀಟಿಯಂತಾಗುತ್ತವೆ. ಒಂದು ಪ್ರಾಣಿಯನ್ನು ಹತ್ತಿರದಿಂದ ಹಿಂಬಾಲಿಸುವ ಕಂತುಗಳು ಮಾತ್ರ ಅಲ್ಲಿಯೂ ತುಂಬಿ ನಿಲ್ಲುತ್ತವೆ. 'ಪ್ಲಾನೆಟ್ ಅರ್ಥ್ 2'ರ ಮೊದಲ ಕಂತಿನಲ್ಲಿ ಗ್ಯಾಲಪಗೋಸ್ ದ್ವೀಪದ ಇಗ್ವಾನಾ ಮರಿಯೊಂದು ಹಾವುಗಳ ಹಿಂಡಿನಿಂದ ತಪ್ಪಿಸಿಕೊಂಡು ಓಡುವ ದೃಶ್ಯವಿದೆ. ಅದನ್ನು ಫೋನಿನಲ್ಲಿ ನೋಡಿದರೂ ಉಸಿರು ಹಿಡಿದು ಕೂರುವಂತಾಗುತ್ತದೆ, ಭಾಷೆಯ ಹಂಗೂ ಅದಕ್ಕಿಲ್ಲ.

ಇದೇ ಕಾರಣಕ್ಕೆ 2020ರ 'ಮೈ ಆಕ್ಟೋಪಸ್ ಟೀಚರ್' ಅನ್ನು ನಾನು ಎಲ್ಲರಿಗೂ ಹೇಳುತ್ತೇನೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಬಳಿಯ ತಣ್ಣನೆಯ ಕಡಲಿನಲ್ಲಿ, ಒಬ್ಬ ಮನುಷ್ಯ ಪ್ರತಿದಿನ ಮುಳುಗುಹಾಕಿ ಒಂದೇ ಆಕ್ಟೋಪಸ್‌ನ ಬದುಕನ್ನು ಗಮನಿಸಿದ ಕಥೆ ಅದು. ಅವಧಿ ಒಂದೂವರೆ ತಾಸಿಗೆ ಸ್ವಲ್ಪ ಕಡಿಮೆ, 2021ರಲ್ಲಿ ಆಸ್ಕರ್ ಪಡೆಯಿತು. ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಹೋಗಿ ಒಮ್ಮೆಯಾದರೂ ನೀರಿನೊಳಗೆ ತಲೆ ಹಾಕಿದವರಿಗೆ ಅದು ಇನ್ನೂ ಹತ್ತಿರದ್ದೆನಿಸುತ್ತದೆ. ನಿಮ್ಮ ಆಯಿಗೆ ತಡೆತಡೆದು ವಿವರಿಸುತ್ತ ಇಬ್ಬರೂ ಕೂಡಿ ನೋಡಲು ಸಾಧ್ಯವಾಗುವ ಚಿತ್ರವೆಂದರೆ 'ದಿ ಎಲಿಫೆಂಟ್ ವಿಸ್ಪರರ್ಸ್'. ಮುದುಮಲೆಯ ಆನೆ ಶಿಬಿರದಲ್ಲಿ ಬೊಮ್ಮನ್ ಮತ್ತು ಬೆಳ್ಳಿ ತಬ್ಬಲಿ ಆನೆಮರಿಗಳನ್ನು ಸಾಕಿದ ಈ ಚಿತ್ರ ಸುಮಾರು 40 ನಿಮಿಷದ್ದು. ತಮಿಳಿನ ಮಾತು ಕನ್ನಡದ ಕಿವಿಗೆ ಅಲ್ಲಲ್ಲಿ ತಾನಾಗಿಯೇ ಹೊಳೆಯುತ್ತದೆ, ಹೊಳೆಯದ ಕಡೆ ಮರಿಯ ಆಟವೇ ಸಾಕು.

ಆಯಿಯವರಿಗಾಗಿಯೇ ಒಂದು ಚಿತ್ರ ಹುಡುಕಬೇಕೆಂದರೆ ಅದು 'ವೈಲ್ಡ್ ಕರ್ನಾಟಕ'. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ನಿರ್ದೇಶಿಸಿದ ಈ ಚಿತ್ರ 2020ರ ಆರಂಭದಲ್ಲಿ ಚಿತ್ರಮಂದಿರಗಳಿಗೆ ಬಂದಿತ್ತು. ಇಂಗ್ಲಿಷಿನಲ್ಲಿ ಅಟೆನ್‌ಬರೋ ನಿರೂಪಿಸಿದ್ದರೆ, ಕನ್ನಡದ ನಿರೂಪಣೆ ರಿಷಬ್ ಶೆಟ್ಟಿಯವರದು. ಒಂದು ತಾಸೂ ಇಲ್ಲದ ಅವಧಿ, ನಮ್ಮದೇ ರಾಜ್ಯದ ಕಾಡು, ಕನ್ನಡದ ಧ್ವನಿ. ಇದರ ಕನ್ನಡ ಆವೃತ್ತಿಯನ್ನು ವಿಮಾನದ ತೆರೆಯ ಮೇಲೆ ನಿರೀಕ್ಷಿಸುವಂತಿಲ್ಲ, ಹೊರಡುವ ಮೊದಲೇ ಹುಡುಕಿ ಇಟ್ಟುಕೊಳ್ಳಿ.

ಇತಿಹಾಸದಲ್ಲಿ ಆಸಕ್ತಿ ಇದ್ದರೆ ಶ್ಯಾಮ್ ಬೆನಗಲ್ ಅವರ 'ಸಂವಿಧಾನ್' ನಿಮಗಾಗಿ. ರಾಜ್ಯಸಭಾ ಟಿವಿಗಾಗಿ 2014ರಲ್ಲಿ ತಯಾರಾದ ಹತ್ತು ಕಂತುಗಳು. ಸಂವಿಧಾನ ಸಭೆಯ ಚರ್ಚೆಗಳನ್ನು ನಟರು ಮರುಸೃಷ್ಟಿಸಿದ್ದಾರೆ. ಭಾಷಣದ ರೀತಿಯ ಗಟ್ಟಿಯಾದ ಮಾತಾದ್ದರಿಂದ ಎಂಜಿನ್ನಿನ ಸದ್ದನ್ನೂ ಮೀರಿ ಕೇಳಿಸುತ್ತದೆ, ಇದು ಮನರಂಜನೆಯ ವಿಮರ್ಶಕರು ಗಮನಿಸದ ಗುಣ. ಬೆನಗಲ್ ಅವರದೇ 'ಭಾರತ್ ಏಕ್ ಖೋಜ್' 53 ಕಂತುಗಳಷ್ಟು ದೀರ್ಘವಾದರೂ ಪ್ರತಿ ಕಂತು ಬಹುಮಟ್ಟಿಗೆ ಸ್ವತಂತ್ರವಾಗಿದೆ. ಇಷ್ಟವಾದ ಕಾಲಘಟ್ಟದ ಎರಡೋ ಮೂರೋ ಕಂತು ಸಾಕು.

ಕಥೆಯ ಧಾರಾವಾಹಿಗಳ ವಿಷಯಕ್ಕೆ ಬಂದರೆ, ವಿಮಾನಕ್ಕೆಂದೇ ಹೇಳಿ ಮಾಡಿಸಿದಂತಿರುವುದು 'ಮಾಲ್ಗುಡಿ ಡೇಸ್' ಎಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ನಮ್ಮ ಹೊನ್ನಾವರ ಸೀಮೆಯ ಶಂಕರ್ ನಾಗ್ ಎಂಬತ್ತರ ದಶಕದಲ್ಲಿ ಆಗುಂಬೆಯಲ್ಲಿ ಚಿತ್ರೀಕರಿಸಿದ ಈ ಸರಣಿಯಲ್ಲಿ ಸ್ವಾಮಿಯ ತಂದೆಯಾಗಿ ನಟಿಸಿದವರು, ಬಾಲ್ಯವನ್ನು ನಿಮ್ಮ ಶಿರಸಿಯಲ್ಲೇ ಕಳೆದ ಗಿರೀಶ್ ಕಾರ್ನಾಡ್. ಅಭಿಮಾನವನ್ನು ಬದಿಗಿಟ್ಟು ನೋಡಿದರೂ ಅದರ ಯೋಗ್ಯತೆ ಉಳಿಯುತ್ತದೆ: ಹೆಚ್ಚಿನ ಕಥೆಗಳು ಅರ್ಧ ತಾಸಿನೊಳಗೆ ಮುಗಿಯುತ್ತವೆ, ಹಗಲು ಬೆಳಕಿನ ದೃಶ್ಯಗಳೇ ಹೆಚ್ಚು, ಹಿಂದಿ ಸರಳವಾಗಿದೆ, ಮತ್ತು ಮನೆ, ಜಗುಲಿ, ಮಳೆ, ಅಂಗಡಿಸಾಲು ಎಲ್ಲವೂ ಆಯಿಯವರಿಗೆ ಕಂಡು ಗೊತ್ತಿರುವಂಥವು. ಈಚಿನವುಗಳಲ್ಲಿ 'ಪಂಚಾಯತ್' ಸರಣಿಯ ಮೊದಲ ಎಂಟು ಕಂತುಗಳು ಇದೇ ಬಗೆಯವು. ಉತ್ತರ ಭಾರತದ ಹಳ್ಳಿಯ ಆಡುಮಾತು ಮೊದಲಿಗೆ ಸ್ವಲ್ಪ ತೊಡಕೆನಿಸಬಹುದು, ಆದರೆ ಗ್ರಾಮ ಪಂಚಾಯಿತಿ ಕಚೇರಿಯ ರಗಳೆ ಎಲ್ಲ ಕಡೆಯೂ ಒಂದೇ.

ಐದು ಕಂತುಗಳ 'ಚರ್ನೋಬಿಲ್' ಅನ್ನು (2019) ನೋಡಬಹುದೇ ಎಂದು ನೀವು ಪ್ರತ್ಯೇಕವಾಗಿ ಕೇಳಿದ್ದೀರಿ. ಒಟ್ಟು ಐದೂವರೆ ತಾಸಿನಷ್ಟಿರುವುದರಿಂದ ದುಬೈ–ನ್ಯೂಯಾರ್ಕ್ ನಡುವಿನ ಸುಮಾರು 14 ತಾಸಿನೊಳಗೆ ಅದನ್ನು ಆರಂಭಿಸಿ ಮುಗಿಸಬಹುದು, ಕೊನೆಯ ಕಂತಿನಲ್ಲಿ ರಿಯಾಕ್ಟರ್ ಸ್ಫೋಟಗೊಂಡ ಬಗೆಯನ್ನು ವಿವರಿಸುವ ನ್ಯಾಯಾಲಯದ ದೃಶ್ಯ ಒಂದು ಒಳ್ಳೆಯ ಪಾಠದಷ್ಟು ಸ್ಪಷ್ಟವಾಗಿದೆ. (ಕೈಗಾ ಅಣುವಿದ್ಯುತ್ ಸ್ಥಾವರದ ನೆರೆಯವನಾಗಿ ಒಂದು ಮಾತು ಸೇರಿಸಬೇಕು: ಚರ್ನೋಬಿಲ್‌ನಲ್ಲಿದ್ದದ್ದು ಗ್ರಾಫೈಟ್ ಬಳಸುವ ಆರ್‌ಬಿಎಂಕೆ ಮಾದರಿ, ಕೈಗಾದಲ್ಲಿರುವುದು ಭಾರಜಲದ ರಿಯಾಕ್ಟರುಗಳು, ಸರಣಿ ನೋಡಿ ಮುಗಿಸಿದವರು ಅಲ್ಲಿಂದಲೇ ನನಗೆ ಆತಂಕದ ಸಂದೇಶ ಕಳುಹಿಸುವ ಅಗತ್ಯವಿಲ್ಲ.) ಆದರೂ ಅದರ ದೃಶ್ಯಗಳು ಬಹಳ ಮಂಕಾಗಿವೆ, ವಿಷಯ ಭಾರವಾದದ್ದು, ಮತ್ತು ಸುಟ್ಟ ದೇಹಗಳ ದೃಶ್ಯ ಪಕ್ಕದ ಆಸನದ ಮಗುವಿಗೂ ಕಾಣುತ್ತದೆ. ನಾನಾಗಿದ್ದರೆ ಅದನ್ನು ಮನೆಯ ಟಿವಿಗೇ ಉಳಿಸಿಕೊಳ್ಳುತ್ತೇನೆ. ಹಗ್ಗವಿಲ್ಲದೆ ಎಲ್ ಕ್ಯಾಪಿಟನ್ ಬಂಡೆಯನ್ನು ಏರುವ 'ಫ್ರೀ ಸೋಲೋ' ಕೂಡ, ಎತ್ತರಕ್ಕೆ ಅಂಜುವವರು ಆಕಾಶದಲ್ಲಿ ಕುಳಿತು ನೋಡುವಂಥದ್ದಲ್ಲ.

ವಿಮಾನದ ತೆರೆಯನ್ನು ಎಷ್ಟರಮಟ್ಟಿಗೆ ನಂಬಬಹುದು? ನಿಮ್ಮ ಮಟ್ಟಿಗೆ ಬಹಳಷ್ಟು ನಂಬಬಹುದು, ಆಯಿಯವರ ಮಟ್ಟಿಗೆ ಕಡಿಮೆ. ದೊಡ್ಡ ವಿಮಾನಗಳಲ್ಲಿ ಇಂಗ್ಲಿಷ್ ಸಾಕ್ಷ್ಯಚಿತ್ರಗಳೂ ಹಿಂದಿ ಚಿತ್ರಗಳೂ ಸಾಕಷ್ಟಿರುತ್ತವೆ, ಕನ್ನಡದ್ದು ಇದ್ದರೆ ಒಂದೆರಡು ಸಿನಿಮಾ. ಧಾರಾವಾಹಿಗಳ ವಿಷಯದಲ್ಲಿ ಇನ್ನೊಂದು ಅಡಚಣೆಯೆಂದರೆ, ಎಷ್ಟೋ ಸರಣಿಗಳ ಕೆಲವೇ ಕಂತುಗಳನ್ನು ಅಲ್ಲಿ ಹಾಕಿರುತ್ತಾರೆ. ಮೂರನೆಯ ಕಂತಿನ ಕೊನೆಯಲ್ಲಿ ಕುತೂಹಲ ಕೆರಳಿ, ನಾಲ್ಕನೆಯದನ್ನು ಹುಡುಕಿದರೆ ಪಟ್ಟಿಯಲ್ಲೇ ಇರುವುದಿಲ್ಲ. ಕಥೆ ಮುಂದುವರಿಯುವ ಯಾವುದನ್ನೇ ಆರಂಭಿಸುವ ಮೊದಲು ಪಟ್ಟಿಯ ಕೊನೆಯವರೆಗೆ ಹೋಗಿ ಎಷ್ಟು ಕಂತುಗಳಿವೆ ಎಂದು ನೋಡಿಕೊಳ್ಳಿ. ಸಾಕ್ಷ್ಯಚಿತ್ರಗಳನ್ನು ವಿಮಾನದ ತೆರೆಗೆ ಬಿಟ್ಟು, ಧಾರಾವಾಹಿಗಳನ್ನೂ ಕನ್ನಡದ್ದೆಲ್ಲವನ್ನೂ ನಿಮ್ಮ ಫೋನು ಅಥವಾ ಟ್ಯಾಬ್‌ನಲ್ಲಿ ಒಯ್ಯುವುದು ನನಗೆ ಸರಿಯೆನಿಸುವ ಹಂಚಿಕೆ.

ಡೌನ್‌ಲೋಡ್ ಕುರಿತು ಕೆಲವು ಮಾತು. ಚಿತ್ರ, ಧಾರಾವಾಹಿಗಳನ್ನು ತೋರಿಸುವ ಆ್ಯಪ್‌ಗಳಲ್ಲಿ ಇಳಿಸಿಕೊಂಡದ್ದಕ್ಕೆ ಗಡುವು ಇರುತ್ತದೆ, ಮತ್ತು ಕೆಲವು ಕಾರ್ಯಕ್ರಮಗಳು ಒಮ್ಮೆ ನೋಡಲಾರಂಭಿಸಿದ 48 ತಾಸುಗಳಲ್ಲಿ ರದ್ದಾಗುತ್ತವೆ. ಆದ್ದರಿಂದ ಸರಿಯಾಗಿದೆಯೇ ಎಂದು ಪರೀಕ್ಷಿಸುವ ನೆಪದಲ್ಲಿ ವಾರದ ಮೊದಲೇ ಎಲ್ಲವನ್ನೂ ಒತ್ತಿ ನೋಡಬೇಡಿ. ಈ ಕೆಲಸವನ್ನು ಹೊರಡುವ ಹಿಂದಿನ ದಿನ ಮನೆಯ ವೈಫೈನಲ್ಲೇ ಮುಗಿಸಿಬಿಡಿ, ಹಾದಿಯಲ್ಲಿ ಸಿಗ್ನಲ್ ಸಿಕ್ಕಾಗ ಮಾಡಿದರಾಯಿತು ಎಂದು ಬಿಡಬೇಡಿ. ನಮ್ಮ ಜಿಲ್ಲೆಯ ಘಟ್ಟದ ರಸ್ತೆಗಳ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಚಿತ್ರದ ಗುಣಮಟ್ಟ ಸಾಧಾರಣದ್ದಿದ್ದರೆ ಸಾಕು, ಫೋನಿನ ಅಳತೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲ, ಜಾಗ ಉಳಿಯುತ್ತದೆ. ಸಬ್‌ಟೈಟಲ್ ಬರುತ್ತಿದೆಯೇ ಎಂದು ಮಾತ್ರ ಒಂದು ಕಂತಿನಲ್ಲಿ ನೋಡಿಕೊಳ್ಳಿ. ಪವರ್‌ಬ್ಯಾಂಕನ್ನು ಕೈಚೀಲದಲ್ಲೇ ಇಡಬೇಕು, ಚೆಕ್‌ಇನ್ ಸಾಮಾನಿನಲ್ಲಿ ಹಾಕುವಂತಿಲ್ಲ; 100 ವ್ಯಾಟ್-ಅವರ್ ಮಿತಿಯೊಳಗೆ ಇರಬೇಕು. ಸಾಮಾನ್ಯವಾಗಿ ಅಂಗಡಿಗಳಲ್ಲಿ ಸಿಗುವ 20,000 ಎಂಎಎಚ್‌ನದು ಸುಮಾರು 74 ವ್ಯಾಟ್-ಅವರ್ ಆಗುತ್ತದೆ, ತೊಂದರೆಯಿಲ್ಲ. ಆದರೆ ವಿಮಾನದೊಳಗೆ ಅದನ್ನು ಬಳಸಲು ಈಗ ಕೆಲವು ಸಂಸ್ಥೆಗಳು ಬಿಡುವುದಿಲ್ಲ, ಟಿಕೆಟ್ ಪಡೆದ ಸಂಸ್ಥೆಯ ನಿಯಮವನ್ನು ಮೊದಲೇ ಓದಿಕೊಂಡು, ಆಸನದ ಬಳಿಯ ಯುಎಸ್‌ಬಿಗೆ ಹೊಂದುವ ವಯರನ್ನೂ ಇಟ್ಟುಕೊಳ್ಳಿ.

ಹೆಡ್‌ಫೋನಿಗೆ ಹಣ ಹಾಕುವುದಾದರೆ ಸದ್ದು ತಗ್ಗಿಸುವಂಥದ್ದಕ್ಕೇ ಹಾಕಿ. ಅದರ ಮೈಕ್ರೊಫೋನು ಹೊರಗಿನ ಸದ್ದನ್ನು ಹಿಡಿದು, ಅದರ ತದ್ವಿರುದ್ಧ ತರಂಗವನ್ನು ಕಿವಿಯ ಬಳಿ ಹೊರಡಿಸಿ ಎರಡನ್ನೂ ಪರಸ್ಪರ ಅಳಿಸುತ್ತದೆ; ಕೆಳಸ್ಥಾಯಿಯ, ಏರಿಳಿತವಿಲ್ಲದ ಸದ್ದಿನ ಮೇಲೆ ಈ ಉಪಾಯ ಚೆನ್ನಾಗಿ ನಡೆಯುತ್ತದೆ, ಎಂಜಿನ್ ಮೊರೆತ ಅಂಥದ್ದೇ. ಮಗುವಿನ ಅಳುವಿನ ಮೇಲೆ ಅಷ್ಟಾಗಿ ನಡೆಯದು. ಎಷ್ಟೋ ವಿಮಾನಗಳ ತೆರೆಗೆ ಬ್ಲೂಟೂತ್ ಕೂಡುವುದಿಲ್ಲವಾದ್ದರಿಂದ ವಯರ್ ಹಾಕಲು ಬರುವ ಮಾದರಿಯನ್ನೇ ಕೊಳ್ಳಿ.

ಒಟ್ಟು ಎಷ್ಟು ಒಯ್ಯಬೇಕೆಂಬುದಕ್ಕೆ, ಪ್ರಯಾಣದ ಅವಧಿಯ ಅರ್ಧಕ್ಕಿಂತ ಹೆಚ್ಚು ಬೇಡ ಎನ್ನುತ್ತೇನೆ. ಬೆಂಗಳೂರಿನಿಂದ ದುಬೈವರೆಗಿನ ನಾಲ್ಕು ತಾಸು ಹತ್ತುವುದು, ಉಣ್ಣುವುದು, ಇಳಿಯುವ ಸಿದ್ಧತೆಯಲ್ಲೇ ಬಹುಪಾಲು ಹೋಗುತ್ತದೆ. ಅಲ್ಲಿ 'ಮಾಲ್ಗುಡಿ ಡೇಸ್'ನ ಎರಡು ಕಥೆ ಅಥವಾ ಆನೆಮರಿಯ ಚಿತ್ರ ಸಾಕು. ಎರಡನೆಯ ಹಂತದಲ್ಲಿ ಮೊದಲ ಊಟದ ನಂತರ ಒಂದು ಸಾಕ್ಷ್ಯಚಿತ್ರ, ಆಮೇಲೆ ನಿದ್ರೆ, ಎದ್ದ ಮೇಲೆ ಧಾರಾವಾಹಿ. ಆಯಿ ಮನೆಯಲ್ಲಿ ಸಂಜೆ ತಪ್ಪದೆ ನೋಡುವ ಕನ್ನಡ ಧಾರಾವಾಹಿ ಯಾವುದಾದರೂ ಇದ್ದರೆ, ಪ್ರಯಾಣದ ತಯಾರಿಯ ಗಡಿಬಿಡಿಯಲ್ಲಿ ಅವರಿಗೆ ತಪ್ಪಿಹೋದ ಕಂತುಗಳನ್ನು ಇಳಿಸಿಟ್ಟುಕೊಳ್ಳಿ. ನಮ್ಮ ಶಿಫಾರಸುಗಳಿಗಿಂತ ಅವರು ಅದನ್ನೇ ಮೆಚ್ಚುವ ಸಾಧ್ಯತೆ ಹೆಚ್ಚು.

ಕೊನೆಯ ನಾಲ್ಕೈದು ತಾಸಿನಲ್ಲಿ ಯಾರ ಕಣ್ಣೂ ತೆರೆಯನ್ನು ಸಹಿಸುವುದಿಲ್ಲ. ಆ ಹೊತ್ತಿಗೆಂದು ಆಯಿಯವರ ಫೋನಿನಲ್ಲಿ ತಾಳಮದ್ದಲೆಯ, ಅಂದರೆ ಕುಳಿತೇ ನಡೆಸುವ ಯಕ್ಷಗಾನದ, ಒಂದೆರಡು ಧ್ವನಿಮುದ್ರಿಕೆಗಳನ್ನು ಹಾಕಿಕೊಡಿ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳ (ಪಾತ್ರಗಳ ಮಾತನ್ನಾಡುವವರ) ಹಳೆಯ ಕೂಟಗಳು ಹುಡುಕಿದರೆ ಸಿಗುತ್ತವೆ. ವೇಷವಿಲ್ಲ, ಕುಣಿತವಿಲ್ಲ, ಇರುವುದೆಲ್ಲ ಪದ್ಯ ಮತ್ತು ವಾದ. ಕಣ್ಣು ಮುಚ್ಚಿಕೊಂಡು ಕೇಳಿದರೂ ಏನೂ ತಪ್ಪುವುದಿಲ್ಲ, ನಡುವೆ ನಿದ್ದೆ ಬಂದು ಎಚ್ಚರವಾದರೆ ಕೃಷ್ಣ ಇನ್ನೂ ಸಂಧಾನದ ಮಾತಿನಲ್ಲೇ ಇರುತ್ತಾನೆ. ಚೆಂಡೆ ಬರುವ ಕಡೆ ಸದ್ದು ಒಮ್ಮೆಲೇ ಏರುವುದರಿಂದ, ವಾಲ್ಯೂಮನ್ನು ಮೊದಲೇ ಸ್ವಲ್ಪ ಇಳಿಸಿಟ್ಟು ಕೊಡಿ.